ಯಾವ ಲ್ಯಾಪ್‌ಟಾಪ್‌ಗೆ ಹಾಕಿದರೂ ಏಳುವ ಲಿನಕ್ಸ್ ಡಿಸ್ಕ್

"ಯುಇಎಫ್‌ಐ ಬಂದ ಮೇಲೆ ಒಂದೇ ಡಿಸ್ಕ್ ಹಿಡ್ಕೊಂಡು ಊರೆಲ್ಲ ಬೂಟ್ ಮಾಡೋದು ಆಗದ ಮಾತು" ಎಂದು ಆಫೀಸಿನ ಗೆಳೆಯರು ಹೇಳುತ್ತಿದ್ದರು. ಯುಇಎಫ್‌ಐ ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡಿ, ಆಪರೇಟಿಂಗ್ ಸಿಸ್ಟಂ ಎಬ್ಬಿಸುವ (ಬೂಟ್ ಮಾಡುವ) ಫರ್ಮ್‌ವೇರ್. ಈಗ ನನ್ನ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಡಿಸ್ಕ್ ಅವರ ಲ್ಯಾಪ್‌ಟಾಪ್‌ಗಳಲ್ಲೇ ಏಳುತ್ತದೆ. ಅದನ್ನು ತಯಾರಿಸುವುದು ಸುಮಾರು 150 ಸಾಲಿನ ಬ್ಯಾಷ್ ಸ್ಕ್ರಿಪ್ಟ್ (ಲಿನಕ್ಸ್ ಕಮಾಂಡ್‌ಗಳ ಪಟ್ಟಿ), ಅಷ್ಟೇ.

ಮೊದಲು ದುಡ್ಡಿನ ವಿಷಯ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 128 ಜಿಬಿ ಪೆನ್‌ಡ್ರೈವ್ ತಂದೆ. ಎಫ್3 (ಡ್ರೈವ್‌ನ ಅಸಲಿ ಜಾಗ ಪರೀಕ್ಷಿಸುವ ಟೂಲ್) ಓಡಿಸಿ ನೋಡಿದರೆ ಅಸಲಿ ಜಾಗ 8 ಜಿಬಿಯೂ ಇಲ್ಲ! ನಾನೂರು ಚಿಲ್ಲರೆ ನೀರಲ್ಲಿ ಹೋಮ. ಬಿಲ್ ಇಲ್ಲ, ವಾಪಸ್ ಇಲ್ಲ. ಆಮೇಲೆ ಸೆಕೆಂಡ್ ಹ್ಯಾಂಡ್ 120 ಜಿಬಿ ಸಾಟಾ ಎಸ್‌ಎಸ್‌ಡಿ ಮತ್ತು ಯುಎಸ್‌ಬಿ ಕೇಸ್ ತಂದೆ. ಎರಡೂ ಸೇರಿ 1,200 ರೂಪಾಯಿ ಆಸುಪಾಸು. ಇದೇ ವಾಸಿ. ಆಪ್ಟ್ ಅಪ್‌ಗ್ರೇಡ್ (ಡೆಬಿಯನ್ ಅಪ್‌ಡೇಟ್) ಹೊತ್ತಿಗೆ ಪೆನ್‌ಡ್ರೈವ್‌ಗಳು ತೆವಳುತ್ತವೆ.

ಎಸ್‌ಜಿಡಿಸ್ಕ್‌ನಿಂದ ಡಿಸ್ಕ್ ಭಾಗ ಮಾಡಿ, ಡಿಬೂಟ್‌ಸ್ಟ್ರಾಪ್‌ನಿಂದ ಡೆಬಿಯನ್ ಹಾಕಿದೆ. 512 ಎಂಬಿ ಇಎಸ್‌ಪಿ (ಫರ್ಮ್‌ವೇರ್ ಓದುವ ಬೂಟ್ ಭಾಗ), ಉಳಿದದ್ದು ಇಎಕ್ಸ್‌ಟಿ4 (ಲಿನಕ್ಸ್ ಫೈಲ್ ಸಿಸ್ಟಂ). ಡಿಸ್ಕನ್ನು ಎಸ್‌ಡಿಬಿ ಎಂದು ಕರೆಯದೆ (ಆ ಹೆಸರು ಬದಲಾಗಬಹುದು) ಸೀರಿಯಲ್ ನಂಬರ್ ಇರುವ ಬೈ-ಐಡಿ ಹೆಸರಿನಿಂದಲೇ ಹಿಡಿಯುತ್ತೇನೆ. ಅಳಿಸುವ ಮುಂಚೆ ಸ್ಕ್ರಿಪ್ಟ್ ಸೀರಿಯಲ್ ನಂಬರ್ ಟೈಪ್ ಮಾಡಿಸುತ್ತದೆ.

ಕಿರಿಕಿರಿ ಇದ್ದದ್ದು ಬೂಟ್‌ಲೋಡರ್‌ನಲ್ಲಿ, ಅಂದರೆ ಲಿನಕ್ಸ್ ಎಬ್ಬಿಸುವ ಗ್ರಬ್ ಎಂಬ ಪುಟ್ಟ ಪ್ರೋಗ್ರಾಂನಲ್ಲಿ. ಮಾಮೂಲಿ ಗ್ರಬ್-ಇನ್‌ಸ್ಟಾಲ್ ತನ್ನ ಎಂಟ್ರಿಯನ್ನು ಆ ಯಂತ್ರದ ಎನ್‌ವಿರಾಮ್‌ಗೆ (ಮದರ್‌ಬೋರ್ಡ್‌ನ ಕಾಯಂ ಮೆಮೊರಿಗೆ) ಬರೆಯುತ್ತದೆ. ಡಿಸ್ಕ್ ಕಿತ್ತುಕೊಂಡು ಹೋದರೆ ಎಂಟ್ರಿ ಜೊತೆಗೆ ಬರಲ್ಲ, ಅಲ್ವಾ? ಅದಕ್ಕೇ ರಿಮೂವಬಲ್, ನೋ-ಎನ್‌ವಿರಾಮ್ ಆಯ್ಕೆ ಎರಡನ್ನೂ ಕೊಟ್ಟೆ. ಆಗ ಲೋಡರ್ ಇಎಫ್‌ಐ/ಬೂಟ್ ಫೋಲ್ಡರ್‌ನಲ್ಲಿ ಬೂಟ್‌ಎಕ್ಸ್64.ಇಎಫ್‌ಐ ಹೆಸರಲ್ಲಿ ಕೂರುತ್ತದೆ. ಎಂಟ್ರಿ ಇಲ್ಲದಿದ್ದರೆ ಫರ್ಮ್‌ವೇರ್ ಹುಡುಕುವುದು ಅಲ್ಲೇ.

ಸಹಿ ಇರುವ ಲೋಡರ್ ಮಾತ್ರ ಓಡಲು ಬಿಡುವ ಸೆಕ್ಯೂರ್ ಬೂಟ್ ಜಾಸ್ತಿ ನಿದ್ದೆ ಕೆಡಿಸಿತು. ಮೈಕ್ರೋಸಾಫ್ಟ್ ಸಹಿಯ ಶಿಮ್ (ಗ್ರಬ್‌ಗೂ ಮೊದಲು ಓಡುವ ಪುಟ್ಟ ಲೋಡರ್) ಹಾಕಿದೆ. ಗ್ರಬ್ ಪ್ರಾಂಪ್ಟ್ ಬಂತು, ಮೆನು ಬರಲಿಲ್ಲ. ಡೆಬಿಯನ್ ಸಹಿ ಮಾಡಿದ ಗ್ರಬ್ ಕಾನ್ಫಿಗ್ ಹುಡುಕುವುದು ಇಎಫ್‌ಐ/ಡೆಬಿಯನ್ ಫೋಲ್ಡರ್‌ನಲ್ಲಿ. ಅಲ್ಲಿ ಮೂರು ಸಾಲಿನ ಗ್ರಬ್.ಸಿಎಫ್‌ಜಿ ಇಟ್ಟು, ಯುಯುಐಡಿ (ಡಿಸ್ಕ್ ಭಾಗದ ಗುರುತಿನ ಸಂಖ್ಯೆ) ಹಿಡಿದು ಅಸಲಿ ಫೈಲ್‌ಗೆ ದಾಟಿಸಿದೆ. ಮೆನು ಬಂತು. ಕೆಲವು ಹಠಮಾರಿ ಫರ್ಮ್‌ವೇರ್‌ಗಳಿಗೆ ಇನ್ನೊಂದು ಉಪಾಯ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಜಾಗ ಉಳಿಯಲಿ ಅಂತ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ (ಬೂಟ್ ಶುರುವಿನಲ್ಲಿ ಲೋಡ್ ಆಗುವ ಪುಟ್ಟ ಫೈಲ್ ಸಿಸ್ಟಂ) ಮಾಡ್ಯೂಲ್ಸ್ 'ಡೆಪ್' ಹಾಕಬೇಡಿ. ಅದು ಆ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ಇಡುತ್ತದೆ. ತಯಾರಿಸಿದ ಯಂತ್ರ ಬಿಟ್ಟರೆ ಬೇರೆಡೆ ಏಳುವ ಭರವಸೆ ಇರಲ್ಲ. ಹೆಚ್ಚಿನ ಡ್ರೈವರ್‌ಗಳನ್ನು ಸೇರಿಸುವ 'ಮೋಸ್ಟ್' ಇರಲಿ.

ಸುಮ್ನೆ ನೋಡೋಣ ಅಂತ ಒಂದು ಹಳೇ ಬೇ ಟ್ರೇಲ್ (ಇಂಟೆಲ್ ಚಿಪ್) ಟ್ಯಾಬ್ಲೆಟ್‌ಗೂ ಹಾಕಿದೆ. ಪ್ರೊಸೆಸರ್ 64 ಬಿಟ್, ಫರ್ಮ್‌ವೇರ್ ಮಾತ್ರ 32 ಬಿಟ್! ಸೆಕ್ಯೂರ್ ಬೂಟ್ ಆಫ್ ಮಾಡಿ, ಅದೇ ಫೋಲ್ಡರ್‌ನಲ್ಲಿ ಬೂಟ್‌ಐಎ32.ಇಎಫ್‌ಐ ಇಟ್ಟೆ. ಅದೇ 64 ಬಿಟ್ ಡೆಬಿಯನ್ ಎದ್ದಿತು. ಟಚ್ ಇನ್ನೂ ಸತಾಯಿಸುತ್ತಿದೆ, ಮೌಸ್ ಹಾಕಿಕೊಂಡು ಓಡಿಸುತ್ತಿದ್ದೇನೆ.