ವೇಲ್ಸಿನ ಧಣಿಯೊಬ್ಬನ ಜೀವನಚಿತ್ರ ಬರೆಯುವ ಬಗೆ

ಮುಂಬಯಿಯ ಕನ್ನಡ ಸಂಘವೊಂದರ ವಿಶೇಷಾಂಕಕ್ಕಾಗಿ ಸರ್ ವಾಟ್ಕಿನ್ ವಿಲಿಯಮ್ಸ್ ವಿನ್ ಅವರ ಬದುಕನ್ನು ಬರೆಯಹೊರಟವರು ಮೊದಲು ಹೆಸರಿನ ಗೋಜಲನ್ನು ಬಿಡಿಸಿಕೊಳ್ಳಬೇಕು. 1716ರಲ್ಲಿ ಡೆನ್‌ಬಿಶೈರ್ ಕೌಂಟಿಯಿಂದ ಪಾರ್ಲಿಮೆಂಟಿಗೆ ಆರಿಸಿಬಂದಾಗ ಅವರು ಬರಿಯ ವಾಟ್ಕಿನ್ ವಿಲಿಯಮ್ಸ್. 1719ರಲ್ಲಿ ಸರ್ ಜಾನ್ ವಿನ್ ಅವರ ವಿನ್‌ಸ್ಟೇ ಆಸ್ತಿ ಕೈಸೇರಿದ ಮೇಲೆ ‘ವಿನ್’ ಅಂಟಿಕೊಂಡಿತು. ತಂದೆಯಿಂದ ವಂಶಪಾರಂಪರ್ಯವಾಗಿ ಬರುವ ಬ್ಯಾರೊನೆಟ್ ಎಂಬ ಪದವಿ ದೊರೆತ 1740ರಲ್ಲಷ್ಟೇ ‘ಸರ್’ ಬಂತು. ಆದ್ದರಿಂದ ದಾಖಲೆಗಳನ್ನು ಮೂರು ಹೆಸರುಗಳಲ್ಲಿಯೂ ಹುಡುಕಿರಿ. ಮಗನಿಗೂ ಮೊಮ್ಮಗನಿಗೂ ಇದೇ ಹೆಸರಿದೆ. ಇಂಗ್ಲೆಂಡಿನ ಚಿತ್ರಕಾರ ರೆನಾಲ್ಡ್ಸ್ ಬಿಡಿಸಿದ ಚಿತ್ರ ಮಗನದು, ಅದನ್ನು ತಂದೆಯದೆಂದು ಅಚ್ಚುಹಾಕಿಸಬೇಡಿರಿ.

‘ಜಮೀನ್ದಾರ’ ಎಂದರೆ ನಮಗೆ ಬಂಗಾಳದ ಕಂದಾಯ ವಸೂಲಿ ನೆನಪಾಗುತ್ತದೆ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಓದುಗರಿಗೆ ಧಣಿ, ಒಕ್ಕಲು, ಗೇಣಿ ಎಂಬ ಮಾತುಗಳೇ ಹೆಚ್ಚು ಹತ್ತಿರ. ಬ್ರಿಟನ್ನಿನಲ್ಲಿ 1872ರವರೆಗೆ ಗುಪ್ತ ಮತದಾನವಿರಲಿಲ್ಲವಾದ್ದರಿಂದ, ಮತದ ಹಕ್ಕಿದ್ದ ಒಕ್ಕಲು ಯಾರಿಗೆ ಮತ ಕೊಟ್ಟನೆಂಬುದು ಧಣಿಗೆ ತಿಳಿದೇ ತಿಳಿಯುತ್ತಿತ್ತು. ವಿನ್ ಅವರ ಬಲ ಎಲ್ಲಿಂದ ಬಂತೆಂಬುದನ್ನು ಇಲ್ಲಿಯೇ ವಿವರಿಸಿಬಿಡಿ.

ನಿಮ್ಮ ಲೇಖನ ತುಸು ನಿಂತು ವಿವರಿಸಬೇಕಾದ ಜಾಗ 1741ರ ಚುನಾವಣೆ. ‘ಶೆರೀಫ್’ ಎಂದೊಡನೆ ಮುಂಬಯಿಯವರು ಒಂದು ವರ್ಷದ ಅಲಂಕಾರದ ಹುದ್ದೆಯೆಂದುಕೊಳ್ಳುತ್ತಾರೆ. ಡೆನ್‌ಬಿಶೈರಿನಲ್ಲಿ ಆಗ ಮತ ಎಣಿಸಿ ಗೆದ್ದವರನ್ನು ಘೋಷಿಸುತ್ತಿದ್ದವನೇ ಆತ. ಅಂದಿನ ಶೆರೀಫ್ ವಿಲಿಯಂ ಮಿಡಲ್‌ಟನ್, ಸರ್ಕಾರದ ವಿರೋಧಿಗಳಾಗಿದ್ದ ಟೋರಿ ಪಕ್ಷದ ವಿನ್ ಅವರಿಗೆ ಬಿದ್ದಿದ್ದ ನೂರಾರು ಮತಗಳನ್ನು ಹೊಡೆದುಹಾಕಿ, ತನ್ನ ಬಂಧು ಜಾನ್ ಮಿಡಲ್‌ಟನ್ ಗೆದ್ದನೆಂದು ಸಾರಿದ. ಮರುವರ್ಷ ಪಾರ್ಲಿಮೆಂಟಿನ ಕಾಮನ್ಸ್ ಸಭೆ ಈ ತೀರ್ಪನ್ನು ತಿರುಗಿಸಿ ವಿನ್ ಅವರಿಗೆ ಸ್ಥಾನ ಕೊಟ್ಟು, ಶೆರೀಫನನ್ನು ಲಂಡನ್ನಿನ ನ್ಯೂಗೇಟ್ ಜೈಲಿಗೆ ಕಳಿಸಿತು. ಪ್ರಧಾನಿ ವಾಲ್ಪೋಲ್ ಅಧಿಕಾರ ಕಳೆದುಕೊಂಡದ್ದೂ 1742ರಲ್ಲಿಯೇ ಎಂಬುದನ್ನು ಪಕ್ಕದಲ್ಲಿಟ್ಟು ಓದಿದರೆ ಈ ನ್ಯಾಯದ ಹಿಂದಿನ ಲೆಕ್ಕಾಚಾರ ಕಾಣುತ್ತದೆ.

ಪದಚ್ಯುತ ಸ್ಟುವರ್ಟ್ ರಾಜವಂಶದ ಪರ ಅವರಿಗಿದ್ದ ಒಲವನ್ನು ಬರೆಯುವಾಗ ಮಾತು, ಕೃತಿ ಎರಡನ್ನೂ ಬೇರೆಬೇರೆ ತೂಗಬೇಕು. 1745ರ ಡಿಸೆಂಬರಿನಲ್ಲಿ ಆ ವಂಶದ ಚಾರ್ಲ್ಸ್ ಎಡ್ವರ್ಡ್ ಸಿಂಹಾಸನಕ್ಕಾಗಿ ಬಂಡೆದ್ದು ಇಂಗ್ಲೆಂಡಿನ ಡರ್ಬಿಯವರೆಗೆ ಬಂದಾಗಲೂ ವಿನ್ ದಂಡು ಕಟ್ಟಿಕೊಂಡು ಹೊರಡಲಿಲ್ಲ. ಬಂಡಾಯ ಸೋತ ಮೇಲೆ, ಬಂಡಾಯಗಾರ ಲಾರ್ಡ್ ಲೊವಾಟ್ ವಿಚಾರಣೆಯಲ್ಲಿ ಸಾಕ್ಷಿ ನುಡಿದ, ಚಾರ್ಲ್ಸನ ಕಾರ್ಯದರ್ಶಿಯಾಗಿದ್ದ ಜಾನ್ ಮರ್ರೆ ಇವರ ಹೆಸರೆತ್ತಿದ. ಸರ್ಕಾರ ಮಾತ್ರ ಮೊಕದ್ದಮೆ ಹೂಡಲಿಲ್ಲ. ಹೀಗಾಗಿ ‘ದೇಶದ್ರೋಹಿ’ ಎಂದೂ ‘ಹುಸಿ ವೀರ’ ಎಂದೂ ಹಣೆಪಟ್ಟಿ ಹಚ್ಚದೆ, ಆದದ್ದನ್ನಷ್ಟೇ ಬರೆಯುವುದು ಒಳ್ಳೆಯದು.

ಬ್ರಿಟನ್ 1752ರಲ್ಲಿ ಪಂಚಾಂಗ ಬದಲಿಸಿ 11 ದಿನ ಕೈಬಿಟ್ಟಿತು. ಬೇಟೆಯಲ್ಲಿ ಕುದುರೆಯಿಂದ ಬಿದ್ದು ವಿನ್ ಸತ್ತದ್ದು 1749ರ ಸೆಪ್ಟೆಂಬರ್ 26ರಂದು. ಅದು ಬದಲಾವಣೆಗೆ ಮೊದಲಿನದಾದ್ದರಿಂದ ಆ ತಾರೀಖಿನ ಮುಂದೆ ‘ಹಳೆಯ ಪಂಚಾಂಗ’ ಎಂದು ಸೇರಿಸಿರಿ.