60 ದಾಟಿದವರನ್ನು ಒಂಟೆ ಹತ್ತಿಸಿ ಮರಳಲ್ಲಿ ಮಲಗಿಸಿದ್ದು: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆಯ ಅಡಕೆ ತೋಟದವರು, ಹೆಚ್ಚಿನವರು 60 ದಾಟಿದವರು, ಅವರನ್ನು ಜೈಸಲ್ಮೇರಿಗೆ ಕರ್ಕೊಂಡು ಹೋಗಿ ಟೆಂಟ್ ಇಲ್ಲದೆ, ಡೀಜೆ ಇಲ್ಲದೆ ಮರಳಲ್ಲಿ ಒಂದು ರಾತ್ರಿ ಮಲಗಿಸುವುದು ಅಂದ್ರೆ ಆಗುವ ಕೆಲಸ ಅಲ್ಲ ಅಂತಲೇ ಎಲ್ರೂ ಹೇಳಿದ್ದು. ಮಂಗಳೂರಿನ ಒಬ್ರು ಟೂರಿನವರು "ಭಟ್ರೇ, ಮೊಣಗಂಟು ನೋವಿನವರಿಗೆ ಒಂಟೆ ಎಲ್ಲ ಬೇಡ, ಸುಮ್ನೆ ಬಂಙ (ಕಷ್ಟ) ಬರ್ತೀರಿ" ಅಂದ್ರು. ಜನವರಿಯಲ್ಲಿ ಹೋಗಿ ಬಂದೆವು. ಎಲ್ರೂ ಅವರವರ ಕಾಲಲ್ಲೇ ನಡೆದು ಮನೆ ಸೇರಿದ್ರು, ಇಬ್ರು ಮುಂದಿನ ವರ್ಷಕ್ಕೆ ಈಗ್ಲೇ ಹೆಸರು ಕೊಟ್ಟಿದ್ದಾರೆ. ಗ್ರೂಪ್ ಕರ್ಕೊಂಡು ಹೋಗುವ ಸುಮಾರು ಜನ ಫೋನ್ ಮಾಡಿ ಕೇಳಿದ್ರು ಹೇಗೆ ಮಾಡಿದ್ದು ಅಂತ, ಅವರಿಗೋಸ್ಕರ ಬರೆಯುವುದು. ಬುಕಿಂಗ್, ಕೋಟೆ, ಹವೇಲಿ ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಟ್ಟಿದ್ದೇನೆ.

ಮೊದಲು ಎಲ್ರ ಹಾಗೆ ಸಮ್ ಅನ್ನುವ ಮರಳು ದಿಬ್ಬದ ಜಾಗಕ್ಕೇ ಹೋಗಿದ್ದೆವು. ಪೇಟೆಯಿಂದ ಪಶ್ಚಿಮಕ್ಕೆ 40 ಕಿಮೀ ಚಿಲ್ಲರೆ, ರಸ್ತೆಯ ಎರಡೂ ಬದಿಗೆ ಕ್ಯಾಂಪೋ ಕ್ಯಾಂಪು. ತಲೆಗೆ 2,500ರ ಹತ್ತಿರ ಕೊಟ್ಟದ್ದು, ಅದರಲ್ಲಿ ಒಂಟೆ ಸವಾರಿ ಅರ್ಧ ಗಂಟೆ, ದಿಬ್ಬದ ಮೇಲೆ ಹೋಗಿ ಫೋಟೋ ತೆಗೆದು ವಾಪಾಸ್. ಪಕ್ಕದಲ್ಲೇ ಜೀಪುಗಳು ಹಾರಿಕೊಂಡು ಹೋಗ್ತಾ ಇರ್ತವೆ, ರಾತ್ರಿ ಹನ್ನೊಂದೂವರೆ ತನಕ ಸೌಂಡ್, ಊಟಕ್ಕೆ ವೆಜ್ಜು ನಾನ್‌ವೆಜ್ಜು ಒಂದೇ ಮೇಜು, ಹಾಗಾಗಿ ನಮ್ಮವರಲ್ಲಿ ನಾಲ್ಕೈದು ಜನ ಬಾಳೆಹಣ್ಣು ತಿಂದು ಮಲಗಿದ್ರು. ಒಂಟೆಯವನ ಹತ್ರ ಕೇಳಿದ್ರೆ ಇಷ್ಟು ದುಡ್ಡಲ್ಲಿ ಅವನ ಕೈಗೆ ಹೋಗುವುದು 200 ಅಂತೆ. ಆವತ್ತೇ ನಿಶ್ಚಯ ಮಾಡಿದ್ದೆ, ಇನ್ನು ಒಂಟೆಯವರ ಹತ್ರ ನೇರ ಮಾತಾಡುವುದು.

ಆದ್ರೆ ಮರುವರ್ಷ ನೇರ ಸಂಪರ್ಕ ಸಿಗ್ಲಿಲ್ಲ, ಪೇಟೆಯ ಒಬ್ಬ ಏಜೆಂಟ್ ಮೂಲಕ ಖುರಿ ಅನ್ನುವ ಹಳ್ಳಿ ಕಡೆ ಹೋದದ್ದು. ಜಾಗ ಒಳ್ಳೇದಿತ್ತು, ಉಳಿದದ್ದೆಲ್ಲ ಹಾಳು. ಮೂರು ಗಂಟೆ ಎಡೆಬಿಡದೆ ಒಂಟೆ ಮೇಲೆ ಕೂರಿಸಿದ್ರು, ಜೀನ್ಸ್ ಹಾಕಿದವರ ತೊಡೆ ಸಂದು ಕಿತ್ತು ಬಂತು, ನಮ್ಮ ಭಾವ ಒಬ್ರಿಗೆ ಇಳಿದ ಮೇಲೆ ಕಾಲು ಜೋಡಿಸ್ಲಿಕ್ಕೇ ಆಗ್ಲಿಲ್ಲ. ಹೊದಿಲಿಕ್ಕೆ ಕೊಟ್ಟ ರಜಾಯಿ ಪೂರಾ ತೇವ, ಅರ್ಧ ಜನ ಬೆಳಗ್ಗಿನ ತನಕ ಬೆಂಕಿ ಹತ್ರ ಕೂತದ್ದೇ. ಎರಡನೇ ರಾತ್ರಿ ಬೇಡ ಅಂತ ಬಿಟ್ಟೆವು, ಅದರ ಅಡ್ವಾನ್ಸ್ 8,000 ಕೇಳುವಾಗ ಆ ಮನುಷ್ಯನ ಫೋನ್ ಸ್ವಿಚ್ ಆಫ್. ಊರಿಗೆ ಬಂದ ಮೇಲೆ ಎಲ್ರೂ ನನಗೆ ಬುದ್ಧಿ ಹೇಳಿದವರೇ.

ಇನ್ನು ಜನವರಿಯಲ್ಲಿ ಹೋದದ್ದರ ಮುಖ್ಯ ವಿಷಯ, ಕಾಲು. ಒಂಟೆ ಒಂದು ಬದಿಯ ಎರಡೂ ಕಾಲು ಒಟ್ಟಿಗೆ ಎತ್ತಿ ನಡೆಯುವ ಪ್ರಾಣಿ, ಹಾಗಾಗಿ ಮೇಲೆ ಕೂತವನು ಆಚೆ ಈಚೆ ತೂಗ್ತಾನೇ ಇರ್ತಾನೆ. ಟೂರಿಸ್ಟ್ ಜೀನುಗಳಲ್ಲಿ (ಒಂಟೆ ಬೆನ್ನಿಗೆ ಕಟ್ಟುವ ಆಸನ) ಹೆಚ್ಚಿನದಕ್ಕೆ ರಿಕಾಪು, ಅಂದ್ರೆ ಪಾದ ಇಡುವ ಬಳೆ ಇಲ್ಲ, ಕಾಲು ನೇತಾಡ್ತಾ ಇದ್ರೆ ಮೈಭಾರ ಪೂರಾ ತೊಡೆ ಸಂದಿನ ಮೇಲೆ. ನಾನು ಮಾಡಿದ್ದು ಇಷ್ಟೇ: ಅಡಕೆ ಮರ ಹತ್ತುವವರು ಕಾಲಿಗೆ ಹಾಕುವ ತಳೆ ಉಂಟಲ್ಲ, ಅದೇ ಅಳತೆಯಲ್ಲಿ ಹಗ್ಗದ ಬಳೆ ಮಾಡಿ, ಪಾದ ಕೂರುವಲ್ಲಿ ಹಳೇ ಸೈಕಲ್ ಟ್ಯೂಬ್ ಸುತ್ತಿ, ಜೋಡಿ ಜೋಡಿಯಾಗಿ ಊರಿಂದಲೇ ತಗೊಂಡು ಹೋದೆ. ಜೀನಿನ ಮರದ ಚೌಕಟ್ಟಿಗೆ ಎರಡು ಬದಿಗೂ ಕಟ್ಟಿದ್ರೆ ಆಯ್ತು, ಮೊಣಗಂಟು ಚೂರು ಮಡಚಿ ಕೂರುವಷ್ಟು ಉದ್ದ ಸಾಕು. ಒಂಟೆಯವರು ಮೊದಲು ನಗಾಡಿದ್ರು, ಬರುವಾಗ ಎರಡು ಜೋಡಿ ಕೇಳಿ ಇಟ್ಕೊಂಡ್ರು! ಗಂಟು ಎಲ್ಲಿ ಹಾಕಿದ್ರೆ ಜೀನು ಒಂದು ಬದಿಗೆ ಸರಿಯುವುದಿಲ್ಲ ಅಂತ ಕಂಡುಹಿಡಿಲಿಕ್ಕೆ ನನಗೆ ಸುಮಾರು ಸಮಯ ಹೋಗಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಇದಲ್ಲದೆ ಹೊರಡುವ ಒಂದು ತಿಂಗಳು ಮೊದಲಿಂದ ಎಲ್ರಿಗೂ ಹೇಳಿದ್ದೆ, ದಿನಾ ಬೆಳಗ್ಗೆ ಅಡಕೆ ಚೀಲ ಅಡ್ಡ ಹಾಕಿ, ಎರಡು ಬದಿಗೆ ಕಾಲು ಹಾಕಿ ಕೂತು ಪೇಪರ್ ಓದಿ, ಮೊದಲು ಹತ್ತು ನಿಮಿಷ, ಮತ್ತೆ ಅರ್ಧ ಗಂಟೆ. ಮಾಡಿದವರಿಗೂ ಮಾಡದವರಿಗೂ ವ್ಯತ್ಯಾಸ ಅಲ್ಲಿ ಕಣ್ಣಿಗೆ ಕಾಣ್ತಿತ್ತು. ಜೀನ್ಸ್ ಪೂರ್ತಿ ಬಂದ್, ಹತ್ತಿಯ ಸಡಿಲ ಪೈಜಾಮ ಮಾತ್ರ. ಹೆಂಗಸರು ಚೂಡಿದಾರ್ ಹಾಕಿದ್ರು, ದೊಡ್ಡಮ್ಮ ಒಬ್ರು "ನಾನು ಸೀರೆ ಬಿಡುವವಳಲ್ಲ" ಅಂದ್ರು, ಅವರಿಗೆ ಒಂಟೆ ಗಾಡಿ. ಗಾಡಿ ಒಂದು ಬೇಕೇ ಬೇಕು, ಅದರಲ್ಲೇ ಚಾರ್‌ಪಾಯಿ (ಹಗ್ಗದ ಮಂಚ), ರಜಾಯಿ, ನೀರಿನ ಕ್ಯಾನ್, ಪಾತ್ರೆ, ಮತ್ತೆ ಜೋಧ್‌ಪುರದ ಸರ್ಜಿಕಲ್ ಅಂಗಡಿಯಿಂದ ತಗೊಂಡ ಮಡಚುವ ಕಮೋಡ್ ಕುರ್ಚಿ. ಈ ಕುರ್ಚಿ 1,500 ಒಳಗೆ ಬರ್ತದೆ. ಪೊದೆ ಹಿಂದೆ ಗುಂಡಿ ತೋಡಿ ಮೇಲೆ ಇಟ್ಟು ಸುತ್ತ ಹಳೇ ಸೀರೆ ಕಟ್ಟಿದ್ರೆ ಮುಗೀತು, ವಯಸ್ಸಾದವರು ಹೆದರುವುದು ಒಂಟೆಗಲ್ಲ, ಇದಕ್ಕೇ.

ಸವಾರಿ ಮುಕ್ಕಾಲು ಗಂಟೆ, ಮತ್ತೆ ಇಳಿದು ಹತ್ತು ಹದಿನೈದು ನಿಮಿಷ ಒಂಟೆ ಜೊತೆ ನಡೆಯುವುದು, ಮತ್ತೆ ಮುಕ್ಕಾಲು ಗಂಟೆ. ಒಟ್ಟು ಐದಾರು ಕಿಮೀ ಅಷ್ಟೇ. ಏಳುವಾಗ ಒಂಟೆ ಹಿಂಗಾಲು ಮೊದಲು ಎತ್ತುತ್ತದೆ, ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಅಂದ್ರೆ ಎರಡು ಸಲವೂ ನಾವು ಮುಂದಕ್ಕೇ ಬೀಳುವುದು, ಹಾಗಾಗಿ ಎರಡು ಸಲವೂ ಹಿಂದಕ್ಕೆ ವಾಲ್ಬೇಕು ಅಂತ ರೈಲಿನಲ್ಲೇ ಬಾಯಿಪಾಠ ಮಾಡಿಸಿದ್ದೆ. ಮಂಗಳೂರು ಜಂಕ್ಷನ್‌ನಿಂದ ಅಜ್ಮೇರ್ ತನಕ ಮರುಸಾಗರ್, ಎರಡು ಹಗಲು ಅದರಲ್ಲೇ, ಪಾಠಕ್ಕೆ ಬೇಕಾದಷ್ಟು ಸಮಯ.

ಒಂಟೆ ಆರಿಸುವುದರಲ್ಲಿ ಒಂದು ವಿಷಯ ಏಜೆಂಟರು ಯಾರೂ ಬಾಯಿ ಬಿಡುವುದಿಲ್ಲ. ಸವಾರಿಗೆ ಬರುವುದು ಹೆಚ್ಚಾಗಿ ಗಂಡೊಂಟೆ, ಅದಕ್ಕೆ ಮದ ಬರುವುದು ಚಳಿಗಾಲದಲ್ಲಿ, ನಾವು ಹೋಗುವುದೂ ಆವಾಗಲೇ. ಮದ ಬಂದದ್ದು ಗುಳುಗುಳು ಶಬ್ದ ಮಾಡಿ ಬಾಯಿಯ ಬದಿಯಿಂದ ಗುಲಾಬಿ ಬಣ್ಣದ ದೊಡ್ಡ ಬಲೂನಿನಂಥದ್ದು ಹೊರಗೆ ಹಾಕ್ತದೆ, ಸುತ್ತ ನೊರೆ. ಗೊತ್ತಿಲ್ಲದವರು ನಾಲಗೆ ಹೊರಗೆ ಬಿತ್ತು ಅಂತ ಕಿರುಚ್ತಾರೆ, ಅದು ನಾಲಗೆ ಅಲ್ಲ, ಅಂಗುಳಿನ ಮೆತ್ತನೆ ಭಾಗ. ಅಂಥದ್ದರ ಮೇಲೆ ವಯಸ್ಸಾದವರನ್ನು ಕೂರಿಸ್ಲೇಬಾರ್ದು. ಬಲೂನ್ ಕಾಣದಿದ್ರೂ ತಲೆಯ ಹಿಂದೆ, ಕಿವಿಯಿಂದ ಕೆಳಗೆ ಕುತ್ತಿಗೆ ಶುರು ಆಗುವಲ್ಲಿ ನೋಡಿ, ಟಾರಿನ ಹಾಗೆ ಕಪ್ಪು ಪಸೆ ಇದ್ರೆ, ನಾತ ಬಂದ್ರೆ, ಬೇಡ ಅನ್ನಿ. ನಾನು ಎರಡು ಒಂಟೆ ಹೀಗೆ ವಾಪಾಸ್ ಕಳಿಸಿದೆ, ಒಂಟೆಯವರ ಹಿರಿಯ "ಇವರಿಗೆ ಒಂಟೆ ಗೊತ್ತುಂಟು" ಅಂತ ಬೇರೆಯವರಿಗೆ ಹೇಳಿದ ಮೇಲೆ ರೇಟೂ ಸ್ವಲ್ಪ ಇಳೀತು.

ಒಂದೇ ಧಾಣಿಯಲ್ಲಿ (ಅಲ್ಲಿಯ ನಾಲ್ಕಾರು ಮನೆಯ ಸಣ್ಣ ಊರು) ಪಳಗಿದ ಎಂಟು ಒಂಟೆ ಸಿಗುವುದೇ ಈಗ ಕಷ್ಟ. 2012ರ ಜಾನುವಾರು ಗಣತಿಯಲ್ಲಿ ದೇಶಕ್ಕೆ 4 ಲಕ್ಷ ಇದ್ದ ಒಂಟೆ 2019ಕ್ಕೆ ಎರಡೂವರೆ ಲಕ್ಷ ಆಗಿದೆ, 2014ರಲ್ಲಿ ರಾಜಸ್ಥಾನ ಅದನ್ನು ರಾಜ್ಯ ಪ್ರಾಣಿ ಅಂತ ಘೋಷಣೆ ಮಾಡಿದ ಮೇಲೂ ಇಳಿದದ್ದೇ. ಗಾಡಿಯ ಕೆಲಸ ಟ್ರ್ಯಾಕ್ಟರ್ ತಗೊಂಡಿತು, ಮೇಯುವ ಜಾಗ ಕಡಿಮೆ ಆಯ್ತು, ಮತ್ತೆ ಸಾಕುವುದು ಯಾಕೆ ಅಂತ ಅವರೇ ಕೇಳ್ತಾರೆ. ನಮ್ಮ ದುಡ್ಡು ಅವರ ಕೈಗೇ ಹೋಗ್ಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಚಳಿಗೆ ಮಾಡಿದ್ದು ಹೇಳ್ತೇನೆ. ರಜಾಯಿಗೆ ಬಾಡಿಗೆಗಿಂತ 30 ರೂಪಾಯಿ ಜಾಸ್ತಿ ಕೊಟ್ಟು, ಆವತ್ತೇ ಹಗಲು ನನ್ನ ಕಣ್ಣೆದುರೇ ಬಿಸಿಲಿಗೆ ಹಾಕಿಸಿದೆ, ಅಂಗಳದಲ್ಲಿ ಅಡಕೆ ಹರಡಿದ ಹಾಗೆ ದಿಬ್ಬದ ತುಂಬ ರಜಾಯಿ. ಮಲಗುವ ಜಾಗ ದಿಬ್ಬದ ನೆತ್ತಿ ಬೇಡ, ಗಾಳಿ. ತಗ್ಗು ಇನ್ನೂ ಬೇಡ, ತಂಪು ಗಾಳಿ ಇಳಿದು ಅಲ್ಲೇ ನಿಲ್ಲುವುದು, ಇಬ್ಬನಿಯೂ ಅಲ್ಲೇ. ಗಾಳಿಗೆ ಬೆನ್ನು ಹಾಕಿದ ಇಳಿಜಾರಿನ ಮಧ್ಯದಲ್ಲಿ ಚಾರ್‌ಪಾಯಿ ಹಾಕಿ, ರಜಾಯಿ ಮೇಲೆ ಒಂದು ತೆಳು ಬೆಡ್‌ಶೀಟ್. ಬೆಳಗ್ಗೆ ಬೆಡ್‌ಶೀಟ್ ಹಿಂಡುವಷ್ಟು ಒದ್ದೆ, ರಜಾಯಿ ಒಣ. ಟಾರ್ಪಾಲ್ ಹೊದ್ದು ನೋಡಿದವರು ಒಳಗಿಂದಲೇ ಬೆವರಿ ಚಂಡಿ ಆದ್ರು, ಅದು ಬೇಡ.

ತಾರೀಕು ಪಂಚಾಂಗ ನೋಡಿ ಅಮಾವಾಸ್ಯೆ ಹತ್ತಿರಕ್ಕೆ ಇಟ್ಟದ್ದು, ನನಗೆ ಇದು ಎಲ್ಲಕ್ಕಿಂತ ದೊಡ್ಡದು. ಜಾತಕದಲ್ಲಿ ಜನ್ಮ ನಕ್ಷತ್ರ ಬಾಯಿಗೆ ಬರ್ತದೆ, ಆಕಾಶದಲ್ಲಿ ನೋಡಿದವರು ಎಷ್ಟು ಜನ? ಎಂಟು ಗಂಟೆಗೆ ಕೃತ್ತಿಕೆ ನೆತ್ತಿ ಹತ್ರ, ಅದರ ಬೆನ್ನಿಗೆ ಕೆಂಪು ಚುಕ್ಕೆ ರೋಹಿಣಿ, ಮತ್ತೆ ಮೃಗಶಿರ, ಆರ್ದ್ರೆ, ಕೆಳಗೆ ಪುನರ್ವಸು. "ಮಾವ, ಅದಾ ನೋಡಿ ನಿಮ್ಮ ರೋಹಿಣಿ" ಅಂದಾಗ ಆ ಮಾವ ಟೊಪ್ಪಿ ತೆಗೆದು ಕೈ ಮುಗಿದ್ರು. ಮತ್ತೆ ಒಬ್ಬೊಬ್ಬರೇ ಶುರು, ನನ್ನದೆಲ್ಲಿ ನನ್ನದೆಲ್ಲಿ ಅಂತ. ಚಿತ್ತೆ, ಸ್ವಾತಿಯವರಿಗೆ ರಾತ್ರಿ ಒಂದು ಗಂಟೆ ದಾಟ್ಬೇಕು, ಎಬ್ಬಿಸ್ಲಿಕ್ಕೆ ಹೇಳಿ ಮಲಗಿದ್ರು. ಜ್ಯೇಷ್ಠೆಯವರನ್ನು ಐದು ಗಂಟೆಗೆ ಎಬ್ಬಿಸಿ ಆಗ್ನೇಯದಲ್ಲಿ ತೋರಿಸಿದೆ. ಉತ್ತರಾಷಾಢದ ಒಬ್ರಿಗೆ ಮಾತ್ರ ತೋರಿಸ್ಲಿಕ್ಕೆ ಸಾಧ್ಯ ಇಲ್ಲ, ಜನವರಿ ಮಧ್ಯದಲ್ಲಿ ಸೂರ್ಯನೇ ಅಲ್ಲಿ. ಕೆಲವು ದಿಕ್ಕಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಮಿಣುಕ್ತಾನೇ ಇರ್ತದೆ, ಅದು ಅಡ್ಡ ಆಗದ ಜಾಗ ಹುಡುಕಿ ಇಟ್ಟಿದ್ದೇನೆ, ಧಾಣಿಯ ಹೆಸರು ಕೇಳ್ಬೇಡಿ.

ಊಟದಲ್ಲಿ ಒಂದೆರಡು ಪ್ರಯೋಗ ಮಾಡಿದೆ. ಕುಚ್ಚಲಕ್ಕಿ ಗಂಜಿ ಆಗುವುದಿಲ್ಲ, ಒಂದೂವರೆ ಗಂಟೆ ಬೆಂಕಿ ಬೇಕು, ಅಲ್ಲಿ ಕಟ್ಟಿಗೆಗೆ ಬೆಲೆ ಉಂಟು. 1730ರಲ್ಲಿ ಖೇಜ್ಡಿ ಅಂದ್ರೆ ಬನ್ನಿ ಮರ ಕಡಿಯುವುದನ್ನು ತಡೆದು ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟ ಖೇಜಡ್ಲಿ ಹಳ್ಳಿ ಜೋಧ್‌ಪುರದ ಹತ್ರವೇ ಇರುವುದು, ಹೋಗುವಾಗ ಅದನ್ನು ನೋಡಿಕೊಂಡು ಹೋಗಿದ್ದೆವು, ಮತ್ತೆ ಆ ಮರದ ಒಂದು ಕೊಂಬೆ ಉರಿಸ್ಲಿಕ್ಕೂ ನಮ್ಮವರು ಒಪ್ಪಲಿಲ್ಲ. ಒಂಟೆಯವರು ಮಾಡಿದ ಸಜ್ಜೆ ರೊಟ್ಟಿ, ಬೇಳೆ, ಕೇರ್ ಸಾಂಗ್ರಿ (ಮರುಭೂಮಿಯ ಕಾಯಿಗಳ ಪಲ್ಯ), ಅದಕ್ಕೆ ನಮ್ಮ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ರಾತ್ರಿ ಸುಟ್ಟ ಹಪ್ಪಳ ಮರುದಿನ ಮಧ್ಯಾಹ್ನ ಜೀಪಿನಲ್ಲೂ ಗರಿಗರಿ ಇತ್ತು, ನಮ್ಮಲ್ಲಿ ಅರ್ಧ ಗಂಟೆಗೆ ಮೆತ್ತಗಾಗ್ತದೆ. ಒಂಟೆ ಹಾಲಿಗೆ ಹೆಪ್ಪು ಹಾಕಿ ಆಡಿನ ಹಾಲಿನ ಪಕ್ಕ ಬಿಸಿ ಬೂದಿ ಹತ್ರ ಇಟ್ಟೆ, ಆಡಿನದ್ದು ಕೂತಿತು, ಒಂಟೆಯದ್ದು ನೀರು ನೀರು, ಮೊಸರಾಗುವ ಜಾತಿ ಅಲ್ಲ ಅದು. ಚಾಯಕ್ಕೆ ಮಾತ್ರ ಫಸ್ಟ್ ಕ್ಲಾಸ್.

ಲೆಕ್ಕ ನೆನಪಿದ್ದಷ್ಟು: ಹನ್ನೆರಡು ಜನಕ್ಕೆ ಎಂಟು ಒಂಟೆ, ಒಂದಕ್ಕೆ 1,100ರ ಹಾಗೆ, ಉಳಿದವರು ಗಾಡಿಯಲ್ಲಿ, ಮಧ್ಯೆ ಬದಲಾಯಿಸಿಕೊಂಡು. ಗಾಡಿಗೆ 1,500, ಹಾಸಿಗೆ ಹೊದಿಕೆ ತಲೆಗೆ 150, ಎರಡು ಜೀಪು ಹೋಗಿ ಬರ್ಲಿಕ್ಕೆ 4,400, ಊಟ ಹಾಲು ಕಟ್ಟಿಗೆ 1,500, ಕೊನೆಗೆ ಎಲ್ರೂ ಸೇರಿ ಖುಷಿಗೆ ಕೊಟ್ಟದ್ದು 2,000. ತಲೆಗೆ 1,700 ಒಳಗೆ ನಿಂತಿತು, ರೈಲು ಬೇರೆ. ಮುಂದಿನ ಸಲವೂ ಹನ್ನೆರಡಕ್ಕಿಂತ ಹೆಚ್ಚು ಜನ ತಗೊಳ್ಳುವುದಿಲ್ಲ, ಎಂಟಕ್ಕಿಂತ ಮೇಲೆ ಒಂಟೆ ಬೇಕಾದ್ರೆ ಪಕ್ಕದ ಧಾಣಿಯಿಂದ ಗೊತ್ತಿಲ್ಲದ್ದನ್ನು ತರಿಸ್ತಾರೆ, ಅದು ನನಗೆ ಧೈರ್ಯ ಇಲ್ಲ. ಬರುವವರು ನವೆಂಬರ್ ಒಳಗೆ ಹೇಳಿದ್ರೆ ತಳೆ ಕಟ್ಟಲಿಕ್ಕೆ ಕಾಲಿನ ಅಳತೆ ತಗೊಳ್ಳಬಹುದು.