ಅಪ್ರೆಂಟಿಸ್ ಸೇರುವ ಮುನ್ನ ಏನೇನು ನೋಡಬೇಕು?

ಐಟಿಐ, ಡಿಪ್ಲೊಮಾ, ಪದವಿ ಯಾವುದೇ ಮುಗಿಸಿರಲಿ, ಸಂದರ್ಶನದಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಅನುಭವ ಎಷ್ಟಿದೆ?’ ಎಂಬುದೇ. ಆ ಅನುಭವವನ್ನು ಕಾನೂನಿನ ಬೆಂಬಲದೊಂದಿಗೆ, ಶಿಷ್ಯವೇತನ ಪಡೆಯುತ್ತಲೇ ಗಳಿಸಲು 1961ರ ಅಪ್ರೆಂಟಿಸ್ ಕಾಯ್ದೆ ದಾರಿ ಮಾಡಿಕೊಟ್ಟಿದೆ. ಆದರೆ ಕಂಪನಿಯೊಂದಿಗಿನ ತರಬೇತಿ ಒಪ್ಪಂದ, ಅಂದರೆ ಕಾಂಟ್ರ್ಯಾಕ್ಟ್, ಪೋರ್ಟಲ್‌ನಲ್ಲಿ ನೋಂದಣಿಯಾಗದೆ ವರ್ಷವಿಡೀ ದುಡಿದರೂ ಅದು ಅಪ್ರೆಂಟಿಸ್‌ಶಿಪ್ ಲೆಕ್ಕಕ್ಕೆ ಬರುವುದಿಲ್ಲ.

ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ ಆದವರು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಇದು 2016ರಲ್ಲಿ ಶುರುವಾದ ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ) ಯೋಜನೆಯದು. ಡಿಪ್ಲೊಮಾ, ಪದವೀಧರರಿಗೆ ಮುಖ್ಯವಾಗಿ ಶಿಕ್ಷಣ ಸಚಿವಾಲಯದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್ ಇದೆ. ಎರಡರಲ್ಲೂ ಅಭ್ಯರ್ಥಿಯ ನೋಂದಣಿಗೆ ಶುಲ್ಕವಿಲ್ಲ. ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದಲೇ ಹಿಂದಿರುಗಿ.

ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ’ ಎಂದಿರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಅಪ್ಪನ ಹೆಸರೂ ಸೇರಿಕೊಂಡಿರುತ್ತದೆ. ನೋಂದಣಿಯ ವೇಳೆ ಗುರುತು ಪರಿಶೀಲಿಸುವ ಕೆವೈಸಿ ಆಧಾರ್‌ನ ಹೆಸರನ್ನೇ ಎತ್ತಿಕೊಳ್ಳುವುದರಿಂದ ಮುಂದೆ ಪ್ರಮಾಣಪತ್ರದಲ್ಲೂ ಅದೇ ಬರುತ್ತದೆ. ಅರ್ಜಿ ಹಾಕುವ ಮೊದಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಆಧಾರ್ ತಿದ್ದಿಸಿ. ಹೆಸರು ಬದಲಿಸಲು ಎರಡೇ ಅವಕಾಶ, ಒಂದೊಂದು ಅಕ್ಷರವನ್ನೂ ಓದಿ ನೋಡಿಯೇ ಒಪ್ಪಿಗೆ ಕೊಡಿ.

ಇನ್ನು ಬ್ಯಾಂಕ್ ಖಾತೆ. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಸಾಲದು. ಡಿಬಿಟಿಗೆ, ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರಲು, ಆಧಾರ್ ಜೋಡಣೆ (ಸೀಡಿಂಗ್) ಆಗಿದೆಯೇ ಎಂದು ಕೇಳಿ. ಎರಡು ಮೂರು ಖಾತೆ ಇದ್ದವರಿಗೆ ಶಿಷ್ಯವೇತನದಲ್ಲಿ ಸರ್ಕಾರದ ಪಾಲು ಕೊನೆಯದಾಗಿ ಸೀಡ್ ಆದ ಖಾತೆಗೆ ಹೋಗುತ್ತದೆ. ‘ಹಣವೇ ಬಂದಿಲ್ಲ’ ಎನ್ನುವ ಎಷ್ಟೋ ಜನರ ಹಣ ಮರೆತುಹೋದ ಹಳೆಯ ಖಾತೆಯಲ್ಲಿ ಕೂತಿರುತ್ತದೆ. ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆರೆದರೆ ಯಾವ ಬ್ಯಾಂಕ್ ಎಂದು ಕಾಣುತ್ತದೆ.

2019ರ ನಿಯಮ ಗೊತ್ತುಮಾಡಿದ ಕನಿಷ್ಠ ಶಿಷ್ಯವೇತನ ತಿಂಗಳಿಗೆ ಎಸ್ಸೆಸ್ಸೆಲ್ಸಿಗೆ 6,000, ಪಿಯುಸಿ ಮತ್ತು ಐಟಿಐಗೆ 7,000, ಡಿಪ್ಲೊಮಾಗೆ 8,000, ಪದವಿಗೆ 9,000 ರೂಪಾಯಿ. ನ್ಯಾಪ್ಸ್‌ನಲ್ಲಿ ಸರ್ಕಾರದ ಪಾಲು ಶೇ 25, ಆದರೆ 1,500 ರೂಪಾಯಿ ಮೀರದು. ಹಾಗಾಗಿ 7,000ದಲ್ಲಿ 5,500 ಕಂಪನಿಯಿಂದ, ಉಳಿದದ್ದು ನೇರ ಖಾತೆಗೆ, ಬೇರೆ ಬೇರೆ ದಿನ ಬರಬಹುದು. ಕಂಪನಿ ಕಡಿಮೆ ಕೊಟ್ಟಿತೆಂದು ಗಾಬರಿಯಾಗುವ ಮೊದಲು ಎರಡನ್ನೂ ಕೂಡಿ ನೋಡಿ.

ಹುಡುಕುವಾಗ ಪೋರ್ಟಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಹತ್ತಿರದ ಕಾರ್ಖಾನೆಯ ಎಚ್‌ಆರ್ ವಿಭಾಗಕ್ಕೆ ನೋಂದಣಿ ಸಂಖ್ಯೆ ಹಿಡಿದು ಹೋಗಿ ಕೇಳುವುದರಲ್ಲಿ ತಪ್ಪಿಲ್ಲ.

ಆಯ್ಕೆಯಾದರೆ ಕಾಂಟ್ರ್ಯಾಕ್ಟ್‌ನಲ್ಲಿ ಟ್ರೇಡ್ (ತರಬೇತಿಯ ಕಸುಬು), ಶುರುವಾಗುವ ಮತ್ತು ಮುಗಿಯುವ ದಿನ, ಶಿಷ್ಯವೇತನ, ನೋಂದಣಿ ಸಂಖ್ಯೆ ಇವೆಯೇ ನೋಡಿ. 18 ತುಂಬದವರ ಪರವಾಗಿ ಪೋಷಕರು ಸಹಿ ಹಾಕಬೇಕು. ‘ಮೊದಲು ಕೆಲಸಕ್ಕೆ ಬನ್ನಿ, ಆಮೇಲೆ ಪೋರ್ಟಲ್‌ಗೆ ಹಾಕೋಣ’ ಎಂದರೆ ಒಪ್ಪಬೇಡಿ. ಕಾಂಟ್ರ್ಯಾಕ್ಟ್‌ಗೂ ಹಿಂದಿನ ದುಡಿಮೆ ತರಬೇತಿ ಅವಧಿಗೆ ಸೇರದು. ಟ್ರೇಡ್ ಕೂಡ ನೀವು ಕಲಿತದ್ದೇ ಆಗಿರಲಿ. ಫಿಟ್ಟರ್ ಕಲಿತವರನ್ನು ಪ್ಯಾಕಿಂಗ್‌ಗೆ ನಿಲ್ಲಿಸಿದರೆ ಕೊನೆಯ ಟ್ರೇಡ್ ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ.

ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಂಪನಿಗಿಲ್ಲ. ಅದಕ್ಕೇ ಪರೀಕ್ಷೆ ತಪ್ಪಿಸದೆ ಪ್ರಮಾಣಪತ್ರ ಪಡೆದುಕೊಂಡೇ ಹೊರಡಿ. ರೈಲ್ವೆಯ ಘಟಕಗಳಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಅಲ್ಲಿನ ಲೆವೆಲ್ 1 (ಆರಂಭಿಕ ದರ್ಜೆಯ) ನೇಮಕಾತಿಯಲ್ಲಿ ಶೇ 20 ಹುದ್ದೆ ಮೀಸಲಿವೆ, ಆಗ ಕೇಳುವುದು ಈ ಪ್ರಮಾಣಪತ್ರವನ್ನೇ.